ಎದೆಯ ನೀರನ್ನು ಎರಡು ಪಾಲು ಮಾಡಿದಾಗ

ಆಸ್ಪತ್ರೆಯ ಆಡಳಿತಾಧಿಕಾರಿ ಪ್ರಯೋಗಾಲಯಕ್ಕೆ ಇಳಿದು ಬರುವ ಪದ್ಧತಿ ಇರಲಿಲ್ಲ. ಕರೆ ಬಂದರೆ ನಾವೇ ಮೇಲಿನ ಮಹಡಿಗೆ ಹೋಗಬೇಕಿತ್ತು. ಆ ಬೆಳಿಗ್ಗೆ ಮಾತ್ರ ಅವರೇ ಬಂದರು. ನನ್ನ ಮೇಜಿನ ಮೇಲಿದ್ದ ಪೆಟ್ಟಿಗೆಯಿಂದ ಹೊಸ ಕಾರ್ಟ್ರಿಜ್ ಒಂದನ್ನು ಎತ್ತಿಕೊಂಡು, ಸಂತೆಯಲ್ಲಿ ಹಣ್ಣನ್ನು ತಿರುಗಿಸಿ ನೋಡುವವರಂತೆ ಸುತ್ತಲೂ ನೋಡಿದರು.

"ಇದು ಒಂದ್ಸಲ ಯೂಸ್ ಮಾಡಿದ್ರೆ ಖಲಾಸ್, ಅಲ್ವಾ ಮೇಡಂ?"

ಅವರು ಬೆಂಗಳೂರಿನವರು, ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಹೌದೆಂದೆ. ಒಬ್ಬ ರೋಗಿಗೆ ಒಂದು ಕಾರ್ಟ್ರಿಜ್. ರೋಗಿಯ ದ್ರವವನ್ನು ಅದರಲ್ಲಿ ತುಂಬಿ ಯಂತ್ರದೊಳಗಿಟ್ಟರೆ, ಕ್ಷಯದ ಜೀವಾಣುವಿನ ವಂಶವಸ್ತು ಅಲ್ಲಿದೆಯೋ ಇಲ್ಲವೋ ಎಂಬುದನ್ನು ಯಂತ್ರ ಎರಡು ಗಂಟೆಯೊಳಗೆ ಹೇಳುತ್ತದೆ.

"ಮೈಕ್ರೋಸ್ಕೋಪಲ್ಲೂ ಅದನ್ನೇ ತಾನೇ ನೋಡೋದು? ಸ್ಲೈಡು, ಬಣ್ಣ, ನಿಮ್ಮ ಕಣ್ಣು. ಕಣ್ಣಿಗೆ ನಾವು ಎಕ್ಸ್‌ಟ್ರಾ ಏನೂ ಕೊಡ್ತಿಲ್ವಲ್ಲ," ಎಂದು ನಕ್ಕರು. ಆಮೇಲೆ ನಗುವನ್ನು ನಿಲ್ಲಿಸಿ ವಿಷಯಕ್ಕೆ ಬಂದರು.

ತೈಲದ ಬೆಲೆ ಕುಸಿದಿದ್ದ ವರ್ಷಗಳವು. ಮಸ್ಕತ್ತಿನ ಅಲ್ ಖುವೈರ್‌ನ ಹೆದ್ದಾರಿಗೆ ಮುಖಮಾಡಿ ನಿಂತ ನಮ್ಮ ಖಾಸಗಿ ಆಸ್ಪತ್ರೆಗೆ ಬರುತ್ತಿದ್ದ ರೋಗಿಗಳಲ್ಲಿ ಬಹುಪಾಲು ಜನ ಕಂಪನಿಗಳು ಕಳುಹಿಸುವ ನೌಕರರು. ಕಂಪನಿಗಳು ಕೈ ಬಿಗಿ ಹಿಡಿದರೆ ನಮ್ಮ ಉಸಿರೂ ಬಿಗಿಯುತ್ತಿತ್ತು. ಅಲ್ ಗುಬ್ರಾದಲ್ಲಿ ನಾವಿದ್ದ ಕಟ್ಟಡದಲ್ಲಿ ಪ್ರತಿ ವಾರವೂ ಯಾರಾದರೊಬ್ಬರು ಸೋಫಾ, ಫ್ರಿಜ್ಜು ಮಾರಿ ಊರಿಗೆ ಹೊರಡುತ್ತಿದ್ದರು; ಶುಕ್ರವಾರದ ಕನ್ನಡ ಕೂಟಗಳೆಲ್ಲವೂ ಬೀಳ್ಕೊಡುಗೆಯ ಊಟಗಳಾಗಿ ಮಾರ್ಪಟ್ಟಿದ್ದವು. ಪ್ರಯೋಗಾಲಯದಲ್ಲಿಯೂ ಇಬ್ಬರು ಆಗಲೇ ಹೋಗಿದ್ದರು. ಉಳಿದವರಲ್ಲಿ ಹಿರಿಯಳು ನಾನು. ನನ್ನ ಕೈಕೆಳಗೆ ಪುತ್ತೂರಿನ ತಂತ್ರಜ್ಞೆಯೊಬ್ಬಳಿದ್ದಳು.

ಆಡಳಿತಾಧಿಕಾರಿಯ ಬೇಡಿಕೆ ಸರಳವಾಗಿತ್ತು. ಕಾರ್ಟ್ರಿಜ್‌ಗಳನ್ನು ಅತಿ ಹೆಚ್ಚು ಬಳಸುತ್ತಿದ್ದವರು ನಮ್ಮ ಎದೆರೋಗ ತಜ್ಞರು. ಅದರಲ್ಲಿಯೂ ಎದೆಯಲ್ಲಿ ನೀರು ತುಂಬಿಕೊಂಡ ರೋಗಿಗಳಿಗೆ. ಶ್ವಾಸಕೋಶವನ್ನು ಸುತ್ತಿರುವ ಪೊರೆಗೆ ಕ್ಷಯ ತಗಲಿದಾಗ ಆ ಪೊರೆಯ ಪದರಗಳ ನಡುವೆ ನೀರು ಕಟ್ಟಿಕೊಳ್ಳುತ್ತದೆ. ಸೂಜಿಯಿಂದ ತೆಗೆದ ಆ ನೀರನ್ನು ಯಂತ್ರದಲ್ಲಿಯೂ ಸೂಕ್ಷ್ಮದರ್ಶಕದಲ್ಲಿಯೂ ಪರೀಕ್ಷಿಸಿ, ಎರಡನ್ನೂ ಹೋಲಿಸಿ ನಾನು ವರದಿ ಕೊಡಬೇಕು. ಎರಡೂ ಒಂದೇ ಉತ್ತರ ಹೇಳುವುದಾದರೆ ಯಂತ್ರವೇಕೆ?

"ನಿಮ್ಮ ಕೈಲಿ ಬಂದ್ರೆ ಯಾರೂ ಪ್ರಶ್ನೆ ಮಾಡಲ್ಲ ಮೇಡಂ. ಕಾಮಾ ಕೂಡ ತಪ್ಪಾಗಿರಲ್ಲ," ಎಂದು ಹೇಳಿ ಹೊರಟರು.

ಆ ಮಾತು ನನಗೆ ಹಿತವಾಯಿತು. ಒಮಾನಿಗೆ ಬರುವ ಮೊದಲು ನಾನು ಮೈಸೂರಿನಲ್ಲಿ ಪ್ರಯೋಗಾಲಯ ತಂತ್ರಜ್ಞರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಉತ್ತರಪತ್ರಿಕೆಗಳಲ್ಲಿ ವಿಜ್ಞಾನದ ತಪ್ಪಿಗೆ ಎಳೆಯುವಷ್ಟೇ ಕೆಂಪು ಗೆರೆಯನ್ನು ವಾಕ್ಯದ ತಪ್ಪಿಗೂ ಎಳೆಯುತ್ತಿದ್ದೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಕೇಳದುದನ್ನು ಬರೆದು ಪುಟ ತುಂಬಿಸಿದರೆ ಅಂಕವಿಲ್ಲ. ಇದು ನನ್ನ ತರಗತಿಯ ಮೊದಲ ನಿಯಮ. ಆಡಳಿತಾಧಿಕಾರಿ ಎರಡನ್ನು ಹೋಲಿಸಲು ಕೇಳಿದ್ದರು. ನಾನು ಎರಡನ್ನೇ ಹೋಲಿಸಲು ಸಿದ್ಧಳಾದೆ.

ಕಾರ್ಯವಿಧಾನವನ್ನು ಬಹಳ ಎಚ್ಚರದಿಂದ ರೂಪಿಸಿದೆ. ಬಂದ ನೀರನ್ನು ಅಲುಗಿಸಿ ಏಕರೂಪ ಮಾಡಿ, ಸರಿಸಮನಾದ ಎರಡು ಪಾಲುಗಳಾಗಿ ಎರಡು ಕೊಳವೆಗಳಿಗೆ ಹಾಕುವುದು. ಒಂದು ಪಾಲು ಪುತ್ತೂರಿನವಳಿಗೆ, ಯಂತ್ರಕ್ಕೆ. ಇನ್ನೊಂದು ನನಗೆ, ಸೂಕ್ಷ್ಮದರ್ಶಕಕ್ಕೆ. ನನ್ನ ಪಾಲನ್ನು ನಾನು ಗಿರಕಿಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕುಳಿತ ಗಷ್ಟನ್ನು ಗಾಜಿನ ಮೇಲೆ ಸವರಿ, ಕೆಂಪು ಬಣ್ಣ ಹೊಯ್ದು ಹಬೆಯೇಳುವವರೆಗೆ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಬಣ್ಣ ಕೊಟ್ಟು ನೋಡುವುದು. ಕ್ಷಯದ ಜೀವಾಣು ಇದ್ದರೆ ನೀಲಿಯ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಯಂತೆ ಕಾಣುತ್ತದೆ. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯಬಾರದು. ಇಬ್ಬರೂ ಬರೆದು ಮುಗಿಸಿದ ಮೇಲಷ್ಟೇ ಕೋಷ್ಟಕಕ್ಕೆ ಸೇರಿಸಬೇಕು. ಪಾಲುಗಳಲ್ಲಿ ಹನಿಯಷ್ಟೂ ವ್ಯತ್ಯಾಸವಾಗಕೂಡದು. ವ್ಯತ್ಯಾಸವಾದರೆ ಹೋಲಿಕೆ ನ್ಯಾಯವಾಗದು.

ಎದೆರೋಗ ತಜ್ಞರು ಸುಡಾನಿನವರು. ವಯಸ್ಸಾದವರು, ತಮಾಷೆಯ ಮನುಷ್ಯ. ನಾನು ಹಿಂದೆ ಪಾಠ ಹೇಳುತ್ತಿದ್ದೆನೆಂದು ಯಾರಿಂದಲೋ ಕೇಳಿ, ಅರಬ್ಬಿಯಲ್ಲಿ 'ಉಸ್ತಾಝಾ', ಎಂದರೆ ಮೇಡಂ ಟೀಚರ್, ಎಂದೇ ನನ್ನನ್ನು ಕರೆಯುತ್ತಿದ್ದರು. ಕಾರ್ಯವಿಧಾನದ ಹಾಳೆಯನ್ನು ಓದಿ ತಲೆಯೆತ್ತಿದರು.

"ಯಾ ಉಸ್ತಾಝಾ, ಮೂರನೆಯ ಪಾಲು ಎಲ್ಲಿ?"

ಮೂರನೆಯದೆಂದರೆ ಕೃಷಿ ಪರೀಕ್ಷೆಯ ಪಾಲು. ಜೀವಾಣುವನ್ನು ವಾರಗಟ್ಟಲೆ ಬೆಳೆಸಿ ನೋಡುವ ಆ ಪರೀಕ್ಷೆಗೆ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುತ್ತಿದ್ದೆವು. ಮಿತವ್ಯಯದ ಹೆಸರಿನಲ್ಲಿ ಅದನ್ನು ಆಗಲೇ ನಿಲ್ಲಿಸಲಾಗಿತ್ತು. ನಾನು ಹಾಗೆಂದೇ ಹೇಳಿದೆ.

"ಹಾಗಾದರೆ ಇವೆರಡರಲ್ಲಿ ಯಾವುದು ಸತ್ಯ ಹೇಳಿತು ಎಂದು ಯಾರು ಹೇಳುತ್ತಾರೆ? ಈ ರೋಗದಲ್ಲಿ ನೀರು ಮಹಾ ಜಿಪುಣ. ಕಳ್ಳ ಪೊರೆಯಲ್ಲಿ ಅಡಗಿ ಕುಳಿತಿರುತ್ತಾನೆ. ನೀವು ನೀರಿನಲ್ಲಿ ಹುಡುಕುತ್ತೀರಿ. ಅದನ್ನೂ ಅರ್ಧ ಮಾಡಿ!"

"ನನ್ನನ್ನು ಕೇಳಿರುವುದು ಎರಡು ಪರೀಕ್ಷೆಗಳ ಹೋಲಿಕೆ, ಡಾಕ್ಟರ್," ಎಂದೆ.

ಅವರು ಹೇಳಿದ್ದು ನನಗೆ ಹೊಸದಾಗಿರಲಿಲ್ಲ. ಎದೆಪೊರೆಯ ಕ್ಷಯದಲ್ಲಿ ನೀರಿನೊಳಗಿರುವ ಜೀವಾಣುಗಳು ತೀರ ವಿರಳ. ಸೂಕ್ಷ್ಮದರ್ಶಕಕ್ಕೆ ಅವು ಕಾಣುವುದೇ ಅಪರೂಪ. ಯಂತ್ರವೂ ಕಫದಲ್ಲಿ ಹಿಡಿಯುವಷ್ಟು ಚೆನ್ನಾಗಿ ಇಲ್ಲಿ ಹಿಡಿಯಲಾರದು. ಇದನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಹೇಳಿದ್ದೆ. ತಿಳಿದಿದ್ದುದನ್ನು ಆ ಹಾಳೆಯಲ್ಲಿ ಬರೆಯಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಕೆಲಸ ಆರಂಭವಾಯಿತು. ಎಲ್ಲವೂ ನಿಯಮದಂತೆ ನಡೆಯಿತು. ವಿಟ್ಲದ ಹತ್ತಿರದ ಬ್ಯಾರಿ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದದ್ದು ಈ ಹೋಲಿಕೆ ಅರ್ಧ ದಾರಿ ಸಾಗಿದಾಗ.

ಅವರು ದುಕ್ಮ್‌ನಲ್ಲಿ, ಬಂದರಿನ ಕಾಮಗಾರಿಯ ಗುತ್ತಿಗೆದಾರನೊಬ್ಬನ ಉಗ್ರಾಣದ ಮೇಲ್ವಿಚಾರಕರು. ಸಂಜೆಯಾದರೆ ಜ್ವರ, ಉಸಿರೆಳೆದರೆ ಬಲಪಕ್ಕೆಯಲ್ಲಿ ಇರಿತ. ಕಂಪನಿಯ ಬಸ್ಸಿನಲ್ಲಿ ಅರ್ಧ ದಿನ ಮರುಭೂಮಿ ದಾಟಿ ಮಸ್ಕತ್ತಿಗೆ ಬಂದಿದ್ದರು. ರಕ್ತ ಕೊಡಲು ಬಂದವರು ಗೋಡೆಯ ಮೇಲಿನ ನನ್ನ ಹೆಸರನ್ನು ಓದಿ, ಹಿಂದಿಯನ್ನು ಬಿಟ್ಟು ಕನ್ನಡಕ್ಕೆ ತಿರುಗಿದರು.

"ಮೇಡಂದು ಊರು ಎಲ್ಲಿ?"

"ಮೈಸೂರು. ತೋಳನ್ನು ಸಡಿಲವಾಗಿ ಇಟ್ಟುಕೊಳ್ಳಿ. ಮುಷ್ಟಿಯನ್ನು ಬಿಗಿಹಿಡಿಯುವ ಅಗತ್ಯವಿಲ್ಲ."

ಅವರು ಪುತ್ತೂರಿನವಳ ಕಡೆಗೆ ತಿರುಗಿದರು. "ನಿಮ್ಮ ಮೇಡಂ ಮಾತಾಡುದು ಆಕಾಶವಾಣಿಯಲ್ಲಿ ವಾರ್ತೆ ಓದಿದ ಹಾಗೆ ಉಂಟಲ್ಲ ಮಾರಾಯ್ರೆ!"

"ನಮಗೆ ದಿನಾ ಇದೇ ವಾರ್ತೆ," ಎಂದಳು ಅವಳು. "ಹವಾಮಾನ ಕೂಡ ಇವರೇ ಹೇಳುದು."

ಮೂವರೂ ನಕ್ಕೆವು. ನಗುವಾಗ ಅವರು ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಸೂಜಿ ತೆಗೆಯುತ್ತಿದ್ದಂತೆ ಸ್ವರ ತಗ್ಗಿಸಿ ಕೇಳಿದರು:

"ಮೇಡಂ, ಇದು ಅದಲ್ವಲ್ಲ? ಟೀಬಿ? ಅದಾದ್ರೆ ನನ್ನ ಕಥೆ ಮುಗೀತು. ಕಫೀಲ್ ಈಗ ನೆಪ ಹುಡುಕ್ತಾ ಇದ್ದಾನೆ. ಜನ ಜಾಸ್ತಿ ಆಗಿದ್ದಾರೆ, ಕೆಲಸ ಇಲ್ಲ. ಕೆಮ್ಮಿದವನನ್ನು ಮೊದಲು ಕಳಿಸುದು."

ಕಫೀಲ್ ಎಂದರೆ ವೀಸಾಕ್ಕೆ ಹೊಣೆಯಾದ ಧಣಿ. ಪರದೇಶದ ಕೆಲಸಗಾರನಿಗೆ ಕ್ಷಯವೆಂದು ತಿಳಿದರೆ, ಆರಂಭದ ಚಿಕಿತ್ಸೆ ಕೊಟ್ಟು, ಸೋಂಕಿನ ಭಯವಿಲ್ಲವೆಂದಾದ ಮೇಲೆ ಊರಿಗೆ ಕಳುಹಿಸುವುದನ್ನು ನಾವು ನೋಡುತ್ತ ಬಂದಿದ್ದೆವು. ಹಾಗೆ ಹೋದವರು ಮರಳಿ ಬಂದದ್ದನ್ನು ನಾನಂತೂ ಕಂಡಿರಲಿಲ್ಲ.

"ಪರೀಕ್ಷೆಯಾಗದೆ ಏನನ್ನೂ ಹೇಳಲಾಗದು," ಎಂದೆ.

ಮಧ್ಯಾಹ್ನ ತಜ್ಞರು ಅವರ ಎದೆಯಿಂದ ನೀರು ತೆಗೆದರು. ಬಂದದ್ದು ಸ್ವಲ್ಪವೇ, ಚಿಕ್ಕ ಸಿರಿಂಜಿನ ತಳದಲ್ಲಿ ತೆಳುವಾದ ಹಳದಿ ನೀರು. ಪುತ್ತೂರಿನವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕ, ಇದನ್ನು ಕೂಡ ಪಾಲು ಮಾಡುದಾ? ಒಂದು ಸೆಂಟ್ಸ್ ಜಾಗದಲ್ಲಿ ಅಣ್ಣತಮ್ಮಂದಿರು ಗೋಡೆ ಕಟ್ಟಿದ ಹಾಗೆ ಆಗ್ತದೆ. ಇಬ್ಬರಿಗೂ ಇರ್ಲಿಕ್ಕೆ ಆಗುದಿಲ್ಲ."

"ಪಾಲು ಮಾಡದಿದ್ದರೆ ಈ ಮಾದರಿಯನ್ನು ಹೋಲಿಕೆಯಿಂದ ಕೈಬಿಡಬೇಕಾಗುತ್ತದೆ."

"ಬಿಡುವ. ಎಂತ ಆಗ್ತದೆ?"

"ನೀರು ಕಡಿಮೆಯಿರುವವರನ್ನೆಲ್ಲ ಬಿಟ್ಟು ಹೆಚ್ಚಿರುವವರನ್ನು ಮಾತ್ರ ಆಯ್ದುಕೊಂಡರೆ ಅದು ಹೋಲಿಕೆಯಾಗುವುದಿಲ್ಲ. ಆಯ್ಕೆಯ ದೋಷವಾಗುತ್ತದೆ."

ನನ್ನ ಉತ್ತರ ಶಾಸ್ತ್ರಸಮ್ಮತವಾಗಿತ್ತು. ಇಂದಿಗೂ ಅದರಲ್ಲಿ ತಪ್ಪು ಹುಡುಕಲಾರೆ. ಅವಳು ತುಟಿ ಬಿಗಿದು, ನೀರನ್ನು ಎರಡು ಕೊಳವೆಗಳಿಗೆ ಹಾಕಿದಳು. ಕಣ್ಣಿನ ಮಟ್ಟಕ್ಕೆ ಎತ್ತಿ, ಎರಡರ ಮಟ್ಟವೂ ಸಮನಾಗಿದೆಯೇ ಎಂದು ನಾನೇ ನೋಡಿದೆ.

ಸ್ಲೈಡಿನಲ್ಲಿ ನನಗೆ ಏನೂ ಸಿಗಲಿಲ್ಲ. ಕತ್ತು ನೋಯುವವರೆಗೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ನೋಡಿದೆ, ಬರಿಯ ನೀಲಿ. ಯಂತ್ರವೂ ಪತ್ತೆಯಾಗಿಲ್ಲವೆಂದಿತು. ಕೋಷ್ಟಕದಲ್ಲಿ ಆ ಸಾಲಿನ ಕೊನೆಗೆ 'ಹೊಂದಿಕೆಯಿದೆ' ಎಂದು ಬರೆದೆ.

ಸಂಜೆ ತಜ್ಞರು ಫೋನು ಮಾಡಿದರು. "ಉಳಿದ ನೀರನ್ನು ಎತ್ತಿಡಿ. ಎಲ್ಲಿಂದಾದರೂ ಕೃಷಿ ಪರೀಕ್ಷೆ ಮಾಡಿಸುತ್ತೇನೆ. ಈ ಮನುಷ್ಯನ ಮುಖ ನನಗೆ ಒಪ್ಪಿಗೆಯಾಗುತ್ತಿಲ್ಲ."

"ಉಳಿದಿಲ್ಲ, ಡಾಕ್ಟರ್."

"ಸ್ವಲ್ಪವೂ?"

"ಎರಡು ಪಾಲಿಗೆ ಅಷ್ಟೇ ಆಯಿತು."

ಅವರು ಫೋನು ಇಟ್ಟರು.

ಮರುದಿನ ಅವರು ರೋಗಿಗೆ ಇನ್ನೊಂದು ಪರೀಕ್ಷೆ ಸೂಚಿಸಿದರು: ದಪ್ಪ ಸೂಜಿಯಿಂದ ಎದೆಪೊರೆಯ ಚೂರುಗಳನ್ನೇ ತೆಗೆದು ನೋಡುವುದು. ಕೆಲವು ದಿನ ಮಸ್ಕತ್ತಿನಲ್ಲಿಯೇ ಉಳಿಯಬೇಕಾಗುತ್ತದೆ. ಆ ಗೃಹಸ್ಥರು ನೇರವಾಗಿ ನನ್ನ ಕಿಟಕಿಯ ಬಳಿಗೆ ಬಂದರು. ಕೈಯಲ್ಲಿ ವರದಿಯಿತ್ತು, ಮುಖದಲ್ಲಿ ಬಿಡುಗಡೆಯಿತ್ತು.

"ಮೇಡಂ, ಎರಡರಲ್ಲಿಯೂ ಇಲ್ಲ ಅಂತ ಬಂದಿದೆಯಲ್ಲ? ಮಿಷನಿನಲ್ಲಿ ಕೂಡ ಇಲ್ಲ, ನಿಮ್ಮ ಕಣ್ಣಿನಲ್ಲಿ ಕೂಡ ಇಲ್ಲ. ಮತ್ತೆ ಈ ಡಾಕ್ಟ್ರು ಮಾಂಸ ತೆಗೀಲಿಕ್ಕೆ ಯಾಕೆ ಹೇಳುದು? ಬಿಲ್ಲು ಮಾಡ್ಲಿಕ್ಕಾ?"

ಆಗ ಹೇಳಬಹುದಿತ್ತು. ಈ ನೀರಿನಲ್ಲಿ ಸಿಗದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ತಜ್ಞರ ಮಾತು ಕೇಳಿ. ಎರಡು ವಾಕ್ಯ. ಆದರೆ ಪ್ರಯೋಗಾಲಯದವರು ಚಿಕಿತ್ಸೆಯ ವಿಷಯದಲ್ಲಿ ಸಲಹೆ ಕೊಡಕೂಡದೆಂಬುದು ನಿಯಮ; ನಿಯಮದ ಮಾತು ಬಂದರೆ ನನ್ನನ್ನು ಮೀರಿಸುವವರಿರಲಿಲ್ಲ. "ಅದನ್ನು ವೈದ್ಯರೇ ವಿವರಿಸಬೇಕು. ನಮ್ಮ ಎರಡು ಪರೀಕ್ಷೆಗಳಲ್ಲಿಯೂ ಪತ್ತೆಯಾಗಿಲ್ಲ ಎಂಬುದು ನಿಜ," ಎಂದೆ.

"ಸಾಕು ಮೇಡಂ. ನೀವು ಹೇಳಿದ್ರೆ ಸಾಕು," ಎಂದು ಕೈಮುಗಿದರು. ಅದೇ ದಿನ ದುಕ್ಮ್ ಬಸ್ಸು ಹತ್ತಿದರು.

ಹೋಲಿಕೆಯ ಮೊದಲ ಹಂತದ ವರದಿಯನ್ನು ನಾನು ಮಂಡಿಸಿದ್ದು ಇದಾಗಿ ಕೆಲವು ವಾರಗಳ ಬಳಿಕ. ಮೇಲಿನ ಮಹಡಿಯ ಸಭಾಕೊಠಡಿಯಲ್ಲಿ, ಪರದೆಯ ಮೇಲೆ ನನ್ನ ಕೋಷ್ಟಕ ಅಚ್ಚುಕಟ್ಟಾಗಿ ನಿಂತಿತ್ತು. ಬಹುತೇಕ ಎಲ್ಲ ಸಾಲುಗಳ ಕೊನೆಯಲ್ಲಿಯೂ ಹೊಂದಿಕೆಯಿದೆ ಎಂಬುದೇ ಇತ್ತು. ಯಂತ್ರಕ್ಕೆ ಸಿಕ್ಕಿ ಸೂಕ್ಷ್ಮದರ್ಶಕಕ್ಕೆ ಸಿಗದವು ಬೆರಳೆಣಿಕೆಯಷ್ಟು. ಆಡಳಿತಾಧಿಕಾರಿಯ ಮುಖ ಅರಳಿತು.

"ನೋಡಿ, ಕ್ಲಿಯರ್ ಕಟ್. ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡೂ ಒಂದೇ ಹೇಳಿದೆ. ಅಂದ ಮೇಲೆ ಪ್ಲೂರಲ್ ಫ್ಲೂಯಿಡ್‌ಗೆ, ಅದೇ ಎದೆ ನೀರಿಗೆ, ಕಾರ್ಟ್ರಿಜ್ ಬೇಡ. ಮೇಡಂ, ಸೂಪರ್."

ತಜ್ಞರು ಮೇಜಿನ ಆ ತುದಿಯಲ್ಲಿ ಕುಳಿತಿದ್ದರು. "ಎರಡೂ ಇಲ್ಲವೆಂದ ಸಾಲುಗಳನ್ನು ತೆಗೆದು ನೋಡಿ. ಹೊಂದಿಕೆ ಎಲ್ಲಿ ಉಳಿಯುತ್ತದೆ? ಇಬ್ಬರೂ ಕಾಣಲಿಲ್ಲ ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ. ಆ ರೋಗಿಗಳಲ್ಲಿ ಎಷ್ಟು ಜನರಿಗೆ ರೋಗವಿತ್ತು ಎಂಬುದು ಈ ಕೋಣೆಯಲ್ಲಿ ಯಾರಿಗೆ ಗೊತ್ತು?"

ಎಲ್ಲರೂ ನನ್ನತ್ತ ನೋಡಿದರು. ನಾನು ಎದ್ದು ನಿಂತು ಹೇಳಿದ ಮಾತುಗಳು ನನಗೆ ಅಕ್ಷರಶಃ ನೆನಪಿವೆ. "ಕೋಷ್ಟಕವು ಎರಡು ಪದ್ಧತಿಗಳ ನಡುವಿನ ಹೊಂದಿಕೆಯನ್ನು ತೋರಿಸಲು ಸಿದ್ಧಪಡಿಸಿದ್ದು. ರೋಗದ ಇರವನ್ನು ತೋರಿಸುವುದು ಅದರ ಉದ್ದೇಶವಲ್ಲ. ಉದ್ದೇಶಿಸದ ಪ್ರಶ್ನೆಗೆ ಉತ್ತರವಿಲ್ಲವೆಂದು ಕೋಷ್ಟಕವನ್ನು ದೂಷಿಸುವುದು ಸರಿಯಲ್ಲ."

ಕೆಲವರು ತಲೆದೂಗಿದರು. ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. "ವಾಕ್ಯ ಸುಂದರವಾಗಿದೆ, ಉಸ್ತಾಝಾ," ಎಂದರು. ಆಗ ಅದು ಹೊಗಳಿಕೆಯಲ್ಲವೆಂದು ತಿಳಿಯದಷ್ಟು ಮಂದಮತಿ ನಾನಾಗಿರಲಿಲ್ಲ. ಆದರೂ ಗೆದ್ದವಳ ಹಾಗೆ ಕುಳಿತೆ. ಕೆಲಸ ಉಳಿಯಿತೆಂಬ ನೆಮ್ಮದಿಯೂ ಆ ಕುಳಿತ ಭಂಗಿಯಲ್ಲಿತ್ತು. ಅಂದು ಮನೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಕೇಕು ಕೊಂಡೆ.

ಇನ್ನೊಂದು ಹಂತ ಬಾಕಿಯಿತ್ತು. ಉಳಿದ ಕಾರ್ಟ್ರಿಜ್‌ಗಳು ಮುಗಿಯುವವರೆಗೆ ಇದೇ ಕಾರ್ಯವಿಧಾನದಲ್ಲಿ ಮುಂದುವರಿದು ಅಂತಿಮ ವರದಿ ಕೊಡುವುದು. ಆ ಹಂತದ ನಡುವೆ ಒಂದು ಬೆಳಿಗ್ಗೆ ಪುತ್ತೂರಿನವಳು ರಕ್ತ ತೆಗೆಯುವ ಕೋಣೆಯಿಂದ ಒಳಗೆ ಬಂದು, ನನ್ನನ್ನು ಕೈಸನ್ನೆಯಿಂದ ಕರೆದಳು.

ಕುರ್ಚಿಯಲ್ಲಿ ವಿಟ್ಲದ ಗೃಹಸ್ಥರಿದ್ದರು. ಅಂಗಿ ಅದೇ, ಒಳಗಿದ್ದ ಮನುಷ್ಯ ಕುಗ್ಗಿಹೋಗಿದ್ದರು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆಯಬೇಕಿತ್ತು.

"ವಾರ್ತೆ ಓದುವ ಮೇಡಂ... ಗುರ್ತ ಸಿಕ್ಕಿತಾ?"

"ಸಿಕ್ಕಿತು. ಇಷ್ಟು ದಿನ ಏಕೆ ಬರಲಿಲ್ಲ?"

"ಕ್ಯಾಂಪಿನ ಕ್ಲಿನಿಕ್ಕಿಗೆ ಹೋಗ್ತಾ ಇದ್ದೆ. ಜ್ವರ ಅಂತ ಹೋದಾಗೆಲ್ಲ ಅವ್ರು ಕೇಳುದು, ಮಸ್ಕತ್ತಿನಲ್ಲಿ ಎಂತ ಹೇಳಿದ್ರು ಅಂತ. ನಾನು ರಿಪೋರ್ಟು ತೋರಿಸುದು. ದೊಡ್ಡ ಆಸ್ಪತ್ರೆಯಲ್ಲೇ ಇಲ್ಲ ಹೇಳಿದ್ದಾರೆ ಅಲ್ವಾ ಅಂತ ಗುಳಿಗೆ ಕೊಟ್ಟು ಕಳಿಸುದು." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. "ನನಗೂ ಅದೇ ಬೇಕಿತ್ತು ಅಂತ ಇಟ್ಕೊಳ್ಳಿ. ಎರಡು ಬ್ಯಾಚು ಊರಿಗೆ ಹೋಯ್ತು. ನಾನು ಕ್ಲೀನ್ ಅಂತ ಉಳಿದೆ."

ಎಕ್ಸ್‌ರೇಯಲ್ಲಿ ಅವರ ಬಲ ಎದೆಯ ಅರ್ಧಕ್ಕಿಂತ ಹೆಚ್ಚು ಭಾಗ ಬೆಳ್ಳಗೆ ಮುಚ್ಚಿಹೋಗಿತ್ತು. ಈ ಸಲ ತಜ್ಞರು ತೆಗೆದ ನೀರು ಬಾಟಲಿಯ ತುಂಬ ಇತ್ತು. ಪುತ್ತೂರಿನವಳು ಬಾಟಲಿಯನ್ನು ನನ್ನ ಮುಂದಿಟ್ಟು, ಅಭ್ಯಾಸದಂತೆ ಎರಡು ಕೊಳವೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಕಾದಳು.

ನಾನು ಎರಡನ್ನೂ ತೆಗೆದು ಬದಿಗಿಟ್ಟೆ. "ಇದನ್ನು ಪಾಲು ಮಾಡುವುದು ಬೇಡ. ಪೂರ್ತಿ ತಿರುಗಿಸೋಣ. ತಳದ ಗಷ್ಟೆಲ್ಲವನ್ನೂ ಒಟ್ಟುಗೂಡಿಸಿ ಯಂತ್ರಕ್ಕೆ ಹಾಕು. ಕೃಷಿ ಪರೀಕ್ಷೆಗೆ ಒಂದಿಷ್ಟು ತೆಗೆದಿಡು. ನಾನು ಸ್ಲೈಡು ಮಾಡುವುದಿಲ್ಲ."

"ಮತ್ತೆ ಟೇಬಲಿನಲ್ಲಿ ಎಂತ ಬರೆಯುದು?"

"ಇವರನ್ನು ಅದರಲ್ಲಿ ಸೇರಿಸಬೇಡ."

"ಮೇಲಿನವರು ಕೇಳಿದ್ರೆ?"

"ಕೇಳಲಿ. ಹಿಂದಿನ ಸಲದ ಸಾಲನ್ನೂ ತೆಗೆಯಬೇಕಾಗಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕ, ಈಗ ಆಯ್ಕೆಯ ದೋಷ ಆಗುದಿಲ್ವಾ?" ಎಂದಳು. ಕುಹಕವಿತ್ತೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಅದು ನನಗೆ ಸಲ್ಲಬೇಕಾದದ್ದೇ.

ಗಿರಕಿಯಂತ್ರ ಹಲವು ಸಲ ತಿರುಗಿತು. ಬಾಟಲಿಯಷ್ಟು ನೀರಿನಿಂದ ಕೊನೆಗೆ ಉಳಿದದ್ದು ಉಗುರಿನ ತುದಿಯಷ್ಟು ಮಸುಕಾದ ಗಷ್ಟು. ಅದನ್ನು ಕಾರ್ಟ್ರಿಜ್‌ಗೆ ಹಾಕಿ, ನಾನು ಯಂತ್ರದ ಎದುರಿಗೇ ಕುಳಿತೆ. ಬೇರೆ ಕೆಲಸವಿತ್ತು, ಮಾಡಲಿಲ್ಲ. ಈ ಸಲ ಖಂಡಿತ ಸಿಗುತ್ತದೆ. ಹಿಂದಿನ ಸಲ ಸಿಗದಿದ್ದುದಕ್ಕೆ ಪಾಲೇ ಕಾರಣ. ಕಾರಣ ತಿಳಿದರೆ ತಿದ್ದಬಹುದು. ಹೀಗೆ ಮನಸ್ಸಿನಲ್ಲಿಯೇ ತೀರ್ಪು ಬರೆದುಕೊಂಡಿದ್ದೆ.

ಯಂತ್ರ ಫಲಿತಾಂಶ ಕೊಟ್ಟಿತು. ಪತ್ತೆಯಾಗಿಲ್ಲ.

ಪುತ್ತೂರಿನವಳು ಮೆಲ್ಲಗೆ, "ಮಿಷನ್ ಹಾಳಾಗಿದೆಯಾ ಹೇಗೆ?" ಎಂದಳು. ಹಾಳಾಗಿರಲಿಲ್ಲ. ಒಳಗಿನ ತಪಾಸಣೆಯೆಲ್ಲ ಸರಿಯಾಗಿತ್ತು. ನೀರು ಜಿಪುಣವಾಗಿತ್ತು, ಅಷ್ಟೆ. ಪೂರ್ತಿ ಬಾಟಲಿಯನ್ನು ಹಿಂಡಿದರೂ ಅದು ಬಾಯಿ ಬಿಡಲಿಲ್ಲ.

ಯಾವ ನಿಯಮವನ್ನೂ ನೆನಪಿಸಿಕೊಳ್ಳದೆ ನಾನು ಮೆಟ್ಟಿಲು ಹತ್ತಿ ವಾರ್ಡಿಗೆ ಹೋದೆ. ತಜ್ಞರು ಅಲ್ಲಿಯೇ ಇದ್ದರು. ಫಲಿತಾಂಶ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಪೊರೆಯ ಚೂರು ಬೇಕು. ಆದರೆ ಆ ಮನುಷ್ಯ ಮತ್ತೆ ಬೇಡವೆನ್ನುತ್ತಿದ್ದಾನೆ. ನನ್ನ ಅರಬ್ಬಿಯೂ ಅವನಿಗೆ ಸಾಲದು, ಇಂಗ್ಲಿಷೂ ಸಾಲದು."

"ನಾನು ಮಾತನಾಡಬಹುದೇ?"

"ನಿಯಮ?" ಎಂದು ಹುಬ್ಬೇರಿಸಿದರು. ನಾನು ತಲೆತಗ್ಗಿಸಿದೆ. "ಹೋಗಿ, ಹೋಗಿ. ಯಲ್ಲಾ," ಎಂದರು, ಮೃದುವಾಗಿ.

ಗೃಹಸ್ಥರು ಹಾಸಿಗೆಯಲ್ಲಿ ಒರಗಿ ಕುಳಿತಿದ್ದರು. ನೀರು ತೆಗೆದ ಮೇಲೆ ಉಸಿರು ತುಸು ಸಲೀಸಾಗಿತ್ತು. ಅದೇ ಅವರಿಗೆ ಹಟ ಹಿಡಿಯುವ ಶಕ್ತಿ ಕೊಟ್ಟಿತ್ತು.

"ಈ ಸಲ ಕೂಡ ಇಲ್ಲ ಅಂತ ಬಂತಲ್ಲ ಮೇಡಂ? ಮೂರು ಸಲ ಇಲ್ಲ ಅಂದದ್ದನ್ನು ನಾಲ್ಕನೇ ಸಲ ಹುಡುಕುದು ಯಾಕೆ? ಅದು ಇಲ್ಲ."

"ಅದು ಇರಲೂಬಹುದು," ಎಂದೆ. "ನಾವು ಹುಡುಕಿದ ಜಾಗ ಸರಿಯಿಲ್ಲ. ಅದು ನೀರಿನಲ್ಲಿ ಸಿಗುವುದು ಅಪರೂಪ. ನನಗೆ ಮೊದಲಿನಿಂದಲೂ ಗೊತ್ತಿತ್ತು. ನೀವು ಕಿಟಕಿಯ ಬಳಿ ಬಂದು ಕೇಳಿದಾಗ ಹೇಳಬೇಕಿತ್ತು, ಹೇಳಲಿಲ್ಲ. ಆ ದಿನ ನಿಮ್ಮ ನೀರು ಬಹಳ ಕಡಿಮೆಯಿತ್ತು. ಅದನ್ನೂ ನಾನು ಎರಡು ಪಾಲು ಮಾಡಿಸಿದೆ."

"ಎರಡು ಪಾಲು ಯಾಕೆ?"

"ಯಾವ ಪರೀಕ್ಷೆ ಮೇಲು ಎಂದು ನೋಡುವುದಕ್ಕೆ."

ಅವರು ಕಿಟಕಿಯ ಆಚೆ, ಹೆದ್ದಾರಿಯಲ್ಲಿ ಒತ್ತೊತ್ತಾಗಿ ಸರಿಯುತ್ತಿದ್ದ ಕಾರುಗಳನ್ನು ನೋಡುತ್ತಿದ್ದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಒಳಿತಿತ್ತು.

"ಅದು ಅಂತ ಗೊತ್ತಾದ್ರೆ ಕಳಿಸ್ತಾರೆ," ಎಂದರು.

"ಕಳುಹಿಸುತ್ತಾರೆ."

"ಗೊತ್ತಾಗದಿದ್ರೆ?"

"ಇಲ್ಲಿಯೇ ಇರುತ್ತೀರಿ. ಎಷ್ಟು ದಿನವೆಂದು ನಾನು ಹೇಳಲಾರೆ. ಸರಿಯಾದ ಮದ್ದು ಸಿಕ್ಕರೆ ಇದು ವಾಸಿಯಾಗುವ ರೋಗ. ಈಗ ಸಿಕ್ಕಿರುವುದು ಜ್ವರದ ಗುಳಿಗೆ."

ಅವರು ಕಿಟಕಿಯಿಂದ ನನ್ನ ಕಡೆಗೆ ತಿರುಗಿ, "ಆಯ್ತು, ಆ ಡಾಕ್ಟ್ರಿಗೆ ಬರ್ಲಿಕ್ಕೆ ಹೇಳಿ," ಎಂದರು.

ಪೊರೆಯ ಚೂರುಗಳು ಅಕ್ಕಿಕಾಳಿನಷ್ಟಿದ್ದವು. ಕೆಲವನ್ನು ಅಂಗಾಂಶ ಪರೀಕ್ಷೆಗೆ ಕಳುಹಿಸಿ, ಒಂದನ್ನು ಅರೆದು ಯಂತ್ರಕ್ಕೆ ಕೊಟ್ಟೆವು. ಈ ಸಲ ನಾನು ಎದುರಿಗೆ ಕುಳಿತಿರಲಿಲ್ಲ. ಪುತ್ತೂರಿನವಳೇ ಓಡಿಬಂದು ಹೇಳಿದಳು. ಪತ್ತೆಯಾಗಿದೆ; ಪ್ರಮಾಣ ಅತ್ಯಲ್ಪ; ಮುಖ್ಯ ಔಷಧಕ್ಕೆ ಬಗ್ಗುವಂಥದು. ಅಂಗಾಂಶ ಪರೀಕ್ಷೆಯೂ ಬಳಿಕ ಅದನ್ನೇ ಹೇಳಿತು. ಅವರಿಗೆ ಮದ್ದು ಯಂತ್ರ ಉತ್ತರ ಕೊಟ್ಟ ದಿನವೇ ಆರಂಭವಾಗಿತ್ತು.

ಸಂತೋಷವಾಗಬೇಕಿತ್ತು. ಆದರೆ ನನ್ನ ಕೋಷ್ಟಕದಲ್ಲಿ ಪೊರೆಯ ಚೂರಿಗೆ ಅಂಕಣವೇ ಇರಲಿಲ್ಲ. ನೀರನ್ನು ಅರ್ಧ ಮಾಡಿದ್ದು ತಪ್ಪೋ ಅಲ್ಲವೋ ಎಂಬುದು ಇನ್ನು ಎಂದಿಗೂ ತೀರ್ಮಾನವಾಗದು: ಪೂರ್ತಿ ಬಾಟಲಿಯಲ್ಲಿಯೇ ಸಿಗದಿದ್ದುದು ಆ ನಾಲ್ಕು ಹನಿಯಲ್ಲಿ ಸಿಗುತ್ತಿತ್ತೆಂದು ಯಾರೂ ಹೇಳಲಾರರು. ಪುತ್ತೂರಿನವಳು ಇದನ್ನೇ ಸಮಾಧಾನವೆಂಬಂತೆ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಪಾಲಿಗಿಂತ ದೊಡ್ಡದಾದ ತಪ್ಪು ಬೇರೆಯಿತ್ತು: ಇಬ್ಬರೂ ಕಾಣದ ಕಡೆ ನಾನು ಹೊಂದಿಕೆಯೆಂದು ಬರೆದಿದ್ದೆ, ಅದೇ 'ಪತ್ತೆಯಾಗಿಲ್ಲ' ಎಂಬ ಮಾತು ವರದಿಯೊಡನೆ ದುಕ್ಮ್‌ನ ಕ್ಲಿನಿಕ್ಕಿನವರೆಗೆ ಹೋಗಿ ಒಬ್ಬ ಮನುಷ್ಯನಿಗೆ ಮದ್ದು ಸಿಗದಂತೆ ಅಡ್ಡ ನಿಂತಿತ್ತು.

ಮಾರನೆಯ ದಿನ ಮೇಲಿನ ಮಹಡಿಗೆ ಹೋಗಿ, ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದೆ. ಆಡಳಿತಾಧಿಕಾರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಫಿಗರ್ಸ್ ತಪ್ಪಿದ್ಯಾ?"

"ಇಲ್ಲ. ಅಂಕಿಗಳೆಲ್ಲ ಸರಿಯಾಗಿವೆ. ಅವುಗಳಿಂದ ನಾವು ತೆಗೆದ ಅರ್ಥ ತಪ್ಪು."

"ಮೇಡಂ, ಮೀಟಿಂಗಲ್ಲಿ ಎದ್ದು ನಿಂತು ಡಿಫೆಂಡ್ ಮಾಡಿದ್ದು ನೀವೇ. ಈಗ ನಾನು ಮ್ಯಾನೇಜ್‌ಮೆಂಟಿಗೆ ಏನಂತ ಹೇಳ್ಲಿ? ಟೀಚರು ಉತ್ತರ ಚೇಂಜ್ ಮಾಡಿದ್ರು ಅಂತ ಹೇಳ್ಲಾ?"

"ಹಾಗೆಯೇ ಹೇಳಿ."

ಅವರು ಒಳ್ಳೆಯವರೇ, ಅವರ ಮೇಲೂ ಒತ್ತಡವಿತ್ತು. ಬಹಳ ಚರ್ಚೆಯಾಯಿತು. ಕೊನೆಗೆ, ಉಳಿದ ಕಾರ್ಟ್ರಿಜ್‌ಗಳನ್ನು ತಜ್ಞರು ಕೇಳಿದಾಗ ಪೊರೆಯ ಚೂರಿಗೆ ಬಳಸಬಹುದೆಂದು ಒಪ್ಪಿದರು. ಹೊಸದನ್ನು ತರಿಸುವ ಮಾತು ಮುಂದಕ್ಕೆ ಹೋಯಿತು. ಎದೆಯ ನೀರಿನ ವರದಿಗಳ ಕೆಳಗೆ, ಪತ್ತೆಯಾಗದಿದ್ದ ಮಾತ್ರಕ್ಕೆ ರೋಗವನ್ನು ತಳ್ಳಿಹಾಕಲಾಗದು ಎಂಬ ಸಾಲನ್ನು ಅಂದಿನಿಂದ ಅಚ್ಚು ಹಾಕತೊಡಗಿದೆವು. ಅದನ್ನು ಬರೆಯಲು ನನಗೆ ಯಾರ ಅಪ್ಪಣೆಯೂ ಎಂದೂ ಬೇಕಾಗಿರಲಿಲ್ಲ.

ಗೃಹಸ್ಥರು ಹೊರಡುವ ದಿನ ಕಂಪನಿಯ ವ್ಯಾನು ಆಸ್ಪತ್ರೆಯ ಹಿಂಬದಿಯ ಗೇಟಿಗೆ ಬಂದಿತ್ತು. ಅಲ್ಲಿಂದ ನೇರ ವಿಮಾನ ನಿಲ್ದಾಣ. ನಾನು ಕೆಳಗಿಳಿದು ಹೋದೆ. ಮದ್ದಿನ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ಮುಖದಲ್ಲಿ ತುಸು ರಕ್ತ ಬಂದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕರು.

"ಬಂದ್ರಾ? ಒಂದು ಕೇಳ್ಬೇಕು ಅಂತ ಇದ್ದೆ. ಅವತ್ತು ನನ್ನ ನೀರನ್ನು ಎರಡು ಪಾಲು ಮಾಡಿ ಪಂದ್ಯ ಕಟ್ಟಿದ್ರಲ್ಲ, ಯಾವುದು ಗೆದ್ದದ್ದು?"

"ಎರಡೂ ಗೆಲ್ಲಲಿಲ್ಲ."

"ಓ! ಹಾಗಾದ್ರೆ ಸೋತದ್ದು ನಾನು ಒಬ್ಬನೇ ಅಂತಾಯ್ತು," ಎಂದು ಗಟ್ಟಿಯಾಗಿ ನಕ್ಕರು. ಈಗ ಪಕ್ಕೆ ಹಿಡಿದುಕೊಳ್ಳಬೇಕಾಗಲಿಲ್ಲ. ನನಗೆ ನಗಲಾಗಲಿಲ್ಲ. ಅದು ಅವರ ಕಣ್ಣಿಗೆ ಬಿತ್ತು; ಕೂಡಲೇ ನಗುವನ್ನು ನುಂಗಿದರು.

"ಛೆ ಛೆ, ತಮಾಷೆಗೆ ಹೇಳಿದ್ದು ಮಾರಾಯ್ರೆ. ಮುಖ ಹಾಗೆ ಮಾಡ್ಬೇಡಿ. ಮದ್ದು ಒಂದು ದಿನ ಕೂಡ ತಪ್ಪಿಸುದಿಲ್ಲ ನಾನು. ಆಣೆ ಬೇಕಾ?"

"ಬೇಡ," ಎಂದೆ.

ಚಾಲಕ ಯಲ್ಲಾ ಯಲ್ಲಾ ಎಂದು ಅವಸರಪಡಿಸಿ ಹಾರನ್ನು ಒತ್ತಿದ. ಅವರು ಮೆಟ್ಟಿಲು ಹತ್ತಿ ಕುಳಿತು, ಗಾಜನ್ನು ಇಳಿಸಿ, ನನ್ನನ್ನು ಸಮಾಧಾನಪಡಿಸಲು ಇನ್ನೂ ಏನೋ ಹೇಳುತ್ತಿದ್ದರು. ವ್ಯಾನು ಹೆದ್ದಾರಿಯ ಸದ್ದಿಗೆ ಸೇರಿಕೊಂಡದ್ದರಿಂದ ಅದು ನನಗೆ ಕೇಳಿಸಲಿಲ್ಲ.